ಒಂದು ಬ್ಯಾಂಕು, ಒಂದು ಫೋನು: ‘ಕ್ಯಾಶ್ ಆನ್ ಡಿಮ್ಯಾಂಡ್’ ಟಿಪ್ಪಣಿ

1950-60ರ ಹೊತ್ತಿನ ಬ್ರಿಟಿಷ್ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವುದು ರೂಢಿ. ದೊಡ್ಡ ಚಿತ್ರದ ಜೊತೆ ಬರುತ್ತಿದ್ದ, ಒಂದು ಗಂಟೆ ಆಸುಪಾಸಿನ ಅಗ್ಗದ ಚಿತ್ರವೇ ‘ಬಿ’ ಚಿತ್ರ. ಅದರಲ್ಲಿ ಕ್ರೈಮ್ ಕಥೆಗೆ ಬೇಡಿಕೆ ಹೆಚ್ಚು. ನಾಲ್ಕು ಕೋಟು, ಒಂದು ಕಚೇರಿ ಇದ್ದರೆ ಶೂಟಿಂಗ್ ಶುರು!

ನಮ್ಮ ಉದಾಹರಣೆ, ಬ್ರಿಟನ್ನಿನ ಹ್ಯಾಮರ್ ಚಿತ್ರ ಕಂಪನಿ 1961ರಲ್ಲಿ ಬ್ರೇ ಸ್ಟುಡಿಯೋದಲ್ಲಿ ತೆಗೆದ ‘ಕ್ಯಾಶ್ ಆನ್ ಡಿಮ್ಯಾಂಡ್’. ನಿರ್ದೇಶನ ಕ್ವೆಂಟಿನ್ ಲಾರೆನ್ಸ್ ಅವರದು. ಖರ್ಚು ಸುಮಾರು 37,000 ಪೌಂಡ್. ಕಥೆಯೊಳಗಿನ ಕಳ್ಳ ಕೇಳುವುದೇ 93,000. ಮೂಲ ಒಂದು ಟಿವಿ ನಾಟಕ. ಹಾಗಾಗಿ ಕಥೆ ಮೊದಲಿನಿಂದಲೂ ನಾಲ್ಕು ಗೋಡೆಯೊಳಗಿನದೇ: ಮ್ಯಾನೇಜರ್ ಕೋಣೆ, ಕೌಂಟರು, ನೆಲಮಾಳಿಗೆಯ ಖಜಾನೆ, ಹೊರಗೆ ತುಣುಕು ಬೀದಿ. ಹೊಸ ಸೆಟ್ ಎಂದರೆ ಮತ್ತೆ ಬಡಗಿ, ಮತ್ತೆ ಲೈಟಿಂಗ್, ಮತ್ತೆ ಅರ್ಧ ದಿನ. ಆ ಹಣ ಇಲ್ಲಿ ಉಳಿದಿದೆ.

ಕ್ರಿಸ್‌ಮಸ್‌ಗೆ ಎರಡು ದಿನ ಬಾಕಿ. ಬ್ಯಾಂಕಿನ ಮ್ಯಾನೇಜರ್ ಫೋರ್ಡೈಸ್ (ಪೀಟರ್ ಕುಶಿಂಗ್) ಹತ್ತು ಪೌಂಡಿನ ಲೆಕ್ಕದ ತಪ್ಪಿಗೆ ಗುಮಾಸ್ತ ಪಿಯರ್ಸನ್‌ನ ಕೆಲಸಕ್ಕೇ ಕುತ್ತು ತರಲು ಹೊರಟವನು. ವಿಮಾ ಕಂಪನಿಯ ಅಧಿಕಾರಿ ಎಂದು ಹೇಳಿಕೊಂಡು ಬರುವ ಕಳ್ಳ ಹೆಪ್‌ಬರ್ನ್ (ಆಂಡ್ರೆ ಮೊರೆಲ್) ಅವನ ಎದುರು ಕೂತು, ಫೋನು ಕೈಗಿಡುತ್ತಾನೆ. ಆ ಕಡೆ ಮ್ಯಾನೇಜರನ ಹೆಂಡತಿಯ ಆರ್ತನಾದ. ಪಿಸ್ತೂಲಿಲ್ಲ, ಗೂಂಡಾಗಳಿಲ್ಲ, ರಿಸೀವರಿನ ದನಿ, ಕುಶಿಂಗ್ ಮುಖ, ಅಷ್ಟೇ. ಕಾಣದ ಗ್ಯಾಂಗಿಗೆ ಸಂಬಳ ಕೊಡಬೇಕಿಲ್ಲ, ಹೆದರಿಕೆಯೂ ದುಪ್ಪಟ್ಟು.

ಇಂಥ ಚಿತ್ರಗಳು ಸೋಲುವುದು ಮಾತಿನಲ್ಲಿ. ಇಬ್ಬರು ಕೂತು ಹರಟಿದರೆ ಅದು ರೇಡಿಯೋ ನಾಟಕ. ಇಲ್ಲಿ ಪ್ರತಿ ಮಾತಿನ ಆಚೆ ಕಿವಿಗಳಿವೆ: ಬಾಗಿಲಾಚೆ ಸಿಬ್ಬಂದಿ, ಅವರಿಗೆ ಸುಳಿವು ಸಿಗಬಾರದು. ಅಭ್ಯಾಸಕ್ಕೆ ಹೀಗೆ ಮಾಡಿ: ಸೌಂಡ್ ಬಂದ್ ಮಾಡಿ ಹತ್ತು ನಿಮಿಷ ನೋಡಿ, ಬಾಗಿಲು ತೆರೆದಾಗಲೆಲ್ಲ ಒಂದು ಗೆರೆ ಎಳೆಯಿರಿ. ಉದ್ವೇಗ ಏರುವುದು ಆ ಗೆರೆಗಳ ಹತ್ತಿರವೇ. ಮೊದಮೊದಲ ಕಚೇರಿ ದೃಶ್ಯಗಳು ನಿಧಾನ ಎನಿಸಿದರೂ ಓಡಿಸಬೇಡಿ. ಫೋರ್ಡೈಸ್ ಎಷ್ಟು ಒಣಗಿದವನೆಂದು ತಿಳಿಯದಿದ್ದರೆ, ಅದೇ ಪಿಯರ್ಸನ್ ಮುಂದೆ ಅವನು ಅಂಗಲಾಚುವುದಕ್ಕೆ ಬೆಲೆಯೇ ಇಲ್ಲ.

ಬ್ರಿಟನ್ನಿನಲ್ಲಿ ಇದು ತೆರೆ ಕಂಡಿದ್ದು 1963ರ ಡಿಸೆಂಬರಿನಲ್ಲಿ, ಅದೂ 66 ನಿಮಿಷಕ್ಕೆ ಕತ್ತರಿಸಿ. ನೋಡಲು ಕೂರುವ ಮೊದಲು ಅವಧಿ ಪರೀಕ್ಷಿಸಿ: 80 ನಿಮಿಷದ ಆಸುಪಾಸಿನ ಪ್ರತಿಯೇ ಬೇಕು.