ಬ್ರಿಟನ್ನಿನ ಹಳದಿ ಕಾಡುಹೂಗಳು: ಹೂವಿಗಿಂತ ಮೊದಲು ಎಲೆ ನೋಡಿ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಹಳದಿ ಹೂವಿನ ಫೋಟೊಗಳು ಬರಲು ಶುರುವಾಗುತ್ತವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಶನಿವಾರ, ಭಾನುವಾರ ಗುಡ್ಡ ಹತ್ತಲು ಹೋದಾಗ ತೆಗೆದವು. ‘ಇದು ಯಾವ ಹೂವು?’ ಎಂಬುದು ಪ್ರಶ್ನೆ. ಫೋಟೊದ ತುಂಬಾ ಹೂವೇ ಇರುತ್ತದೆ. ಎಲೆ ಕಾಣುವುದಿಲ್ಲ, ಕಾಂಡ ಕಾಣುವುದಿಲ್ಲ, ಗಿಡ ಬೆಳೆದ ನೆಲ ಎಂಥದ್ದು ಅಂತಲೂ ಗೊತ್ತಾಗುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಗಿಡಗಳ ಸಮೀಕ್ಷೆ ಮಾಡುವುದು ನನ್ನ ಕೆಲಸ. ಹಳದಿ ಬಣ್ಣ ಒಂದನ್ನೇ ನಂಬಿ ಇಲ್ಲಿ ಹೆಸರು ಹೇಳಲು ಆಗುವುದಿಲ್ಲ.

ಸರಿಯಾದ ಹೆಸರೇ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಕಾರಣ ಚಿಟ್ಟೆ. ಮಕರಂದ ಕುಡಿಯಲು ಚಿಟ್ಟೆ ಹತ್ತಾರು ಬಗೆಯ ಹೂವಿಗೆ ಹೋಗುತ್ತದೆ. ಆದರೆ ಮೊಟ್ಟೆ ಇಡಲು ಅದಕ್ಕೆ ತನ್ನ ಗಿಡವೇ ಆಗಬೇಕು. ಮರಿಹುಳು ಬೇರೆ ಎಲೆ ತಿನ್ನುವುದಿಲ್ಲ. ಆ ಗಿಡ ಇಲ್ಲದ ಗುಡ್ಡದಲ್ಲಿ ಮಿಕ್ಕ ಹೂವು ಎಷ್ಟೇ ಇದ್ದರೂ ಆ ಚಿಟ್ಟೆಗೆ ಅಲ್ಲಿ ಬದುಕಿಲ್ಲ.

ಇದು ಚೆನ್ನಾಗಿ ಕಾಣುವುದು ಸೌತ್ ಡೌನ್ಸ್, ನಾರ್ತ್ ಡೌನ್ಸ್‌ನ ಸುಣ್ಣದ ಗುಡ್ಡಗಳಲ್ಲಿ. ಬೇಸಿಗೆಯಲ್ಲಿ ಅಲ್ಲಿ ಕಾಲಿಟ್ಟ ಕಡೆಯೆಲ್ಲ ಹಳದಿ. ಕಲಬುರಗಿ ಕಡೆ ತೊಗರಿ ಹೂಬಿಟ್ಟ ಹೊಲ ನೋಡಿದವರಿಗೆ ಆ ಹೂವಿನ ಆಕಾರ ಹೊಸದಲ್ಲ. ಮೇಲೆ ಅಗಲವಾದ ಒಂದು ದಳ, ಪಕ್ಕಕ್ಕೆ ಎರಡು, ಕೆಳಗೆ ದೋಣಿಯ ಹಾಗೆ ಕೂಡಿಕೊಂಡ ಇನ್ನೆರಡು. ತೊಗರಿಯದೇ ಕುಟುಂಬ ಇದು. ಈ ಆಕಾರದ ಹಳದಿ ಹೂವು ಒಂದೇ ಇಳಿಜಾರಿನಲ್ಲಿ ಮೂರು ನಾಲ್ಕು ಜಾತಿಯವು ಸಿಗುತ್ತವೆ. ಅಲ್ಲಿಂದಲೇ ಗೊಂದಲ ಶುರು.

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಬರ್ಡ್ಸ್‌ಫುಟ್ ಟ್ರೆಫಾಯಿಲ್. ಸುಣ್ಣದ ಗುಡ್ಡವೇ ಬೇಕೆಂದಿಲ್ಲ. ಪಾರ್ಕ್, ರಸ್ತೆ ಅಂಚು, ಸಮುದ್ರದ ದಂಡೆ ಎಲ್ಲ ಕಡೆ ಬರುತ್ತದೆ. ಮೊಗ್ಗು ಕೆಂಪು, ಅರಳಿದ ಮೇಲೆ ಮೊಟ್ಟೆಯ ಹಳದಿ. ಎಲೆ ನೋಡಿ: ಮೇಲ್ನೋಟಕ್ಕೆ ಮೂರು ಕಿರು ಎಲೆ. ಸ್ವಲ್ಪ ಕೆಳಗೆ, ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಇನ್ನೆರಡು ಇರುತ್ತವೆ. ಒಟ್ಟು ಐದು. ಈ ಕೆಳಗಿನ ಎರಡನ್ನು ಬಹಳ ಜನ ನೋಡುವುದೇ ಇಲ್ಲ. ಕಾಯಿ ಬಲಿತಾಗ ಹಕ್ಕಿಯ ಕಾಲುಬೆರಳಿನ ಹಾಗೆ ಹರಡಿಕೊಳ್ಳುತ್ತದೆ. ಹೂವು ತಾಜಾ ಇರುವಾಗ ಕೆಳಗಿನ ದೋಣಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದರ ಚೂಪು ತುದಿಯಿಂದ ಪರಾಗ ಎಳೆಯಾಗಿ ಹೊರಗೆ ಬರುತ್ತದೆ. ಜೇನುನೊಣ ಬಂದು ಕೂತಾಗ ಆಗುವುದೂ ಅದೇ. ಪರಾಗ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ.

ಕಾಮನ್ ಬ್ಲೂ ಚಿಟ್ಟೆ ಮುಖ್ಯವಾಗಿ ಮೊಟ್ಟೆ ಇಡುವುದು ಈ ಗಿಡದ ಮೇಲೆ. ಎಳೆ ಕುಡಿಯ ಎಲೆಯ ಮೇಲೆ ಒಂದೊಂದಾಗಿ, ಗುಂಡುಸೂಜಿ ತಲೆಗಿಂತ ಚಿಕ್ಕ ಬಿಳಿ ಚುಕ್ಕೆ. ಭೂತಗನ್ನಡಿ ಹಿಡಿದರೆ ಅದರ ಮೇಲೆ ಕೆತ್ತಿದಂಥ ಗೆರೆಗಳು ಕಾಣುತ್ತವೆ. ಹಗಲು ಹಾರುವ ಸಿಕ್ಸ್-ಸ್ಪಾಟ್ ಬರ್ನೆಟ್ ಪತಂಗಕ್ಕೂ ಇದೇ ಊಟ. ಕಪ್ಪು ರೆಕ್ಕೆ, ಅದರ ಮೇಲೆ ಕೆಂಪು ಬೊಟ್ಟು. ಗಿಡದಲ್ಲಿರುವ ಸಯನೈಡ್ ಅಂಶವನ್ನು ಮರಿಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಸ್ವಂತವಾಗಿಯೂ ತಯಾರಿಸುತ್ತದೆ. ಪತಂಗವಾದ ಮೇಲೂ ಆ ವಿಷ ಉಳಿಯುತ್ತದೆ. ಆ ಕೆಂಪು ಬೊಟ್ಟು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ.

ಈಗ ಅದರ ಪಕ್ಕದಲ್ಲೇ ಬೆಳೆಯುವ ಹಾರ್ಸ್‌ಶೂ ವೆಚ್. ದೂರದಿಂದ ಎರಡೂ ಒಂದೇ. ಹತ್ತಿರ ಹೋಗಿ ಎಲೆ ನೋಡಿದರೆ ಅನುಮಾನಕ್ಕೆ ಜಾಗವೇ ಇಲ್ಲ. ಇದರಲ್ಲಿ ಐದಲ್ಲ, ನಾಲ್ಕೈದು ಜೊತೆ ಕಿರು ಎಲೆಗಳು ಎದುರು ಬದುರು ಕೂತಿರುತ್ತವೆ, ತುದಿಯಲ್ಲಿ ಒಂಟಿ ಎಲೆ. ಕಾಯಿ ಅಂಕುಡೊಂಕು. ಮುರಿದರೆ ಒಂದೊಂದು ತುಂಡೂ ಕುದುರೆ ಲಾಳದ ಆಕಾರ. ಸುಣ್ಣದ ನೆಲ ಬಿಟ್ಟು ಬೇರೆ ಕಡೆ ಇದು ಬೆಳೆಯುವುದಿಲ್ಲ.

ಈ ಒಂದು ಗಿಡವನ್ನೇ ನಂಬಿರುವ ಚಿಟ್ಟೆಗಳು ಎರಡು: ಚಾಕ್‌ಹಿಲ್ ಬ್ಲೂ ಮತ್ತು ಅಡೋನಿಸ್ ಬ್ಲೂ. ಗಂಡು ಅಡೋನಿಸ್‌ನ ನೀಲಿಗೆ ಸಾಟಿಯಾದ ಬಣ್ಣ ಬ್ರಿಟನ್ನಿನ ಬೇರೆ ಯಾವ ಚಿಟ್ಟೆಯಲ್ಲೂ ನಾನು ಕಂಡಿಲ್ಲ. ಕಾಮನ್ ಬ್ಲೂ ಜೊತೆ ಗೊಂದಲವಾದರೆ ರೆಕ್ಕೆಯ ಬಿಳಿ ಅಂಚು ನೋಡಿ. ಅಡೋನಿಸ್‌ನಲ್ಲಿ ಸಣ್ಣ ಕಪ್ಪು ಗೆರೆಗಳು ಆ ಅಂಚನ್ನು ದಾಟಿ ಹೋಗುತ್ತವೆ. ಕಾಮನ್ ಬ್ಲೂನಲ್ಲಿ ಅಂಚು ಬರೀ ಬಿಳಿ. ಸರೆ ಕೌಂಟಿಯ ಬಾಕ್ಸ್ ಹಿಲ್, ಶೋರ್‌ಹ್ಯಾಮ್ ಹತ್ತಿರದ ಮಿಲ್ ಹಿಲ್ ಎರಡೂ ಇವನ್ನು ನೋಡಲು ಒಳ್ಳೆಯ ಜಾಗ. ಅಡೋನಿಸ್ ಮೇ–ಜೂನ್‌ನಲ್ಲಿ ಒಮ್ಮೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹಾರುತ್ತದೆ.

ಗಿಡ ಇದ್ದ ಮಾತ್ರಕ್ಕೆ ಅಡೋನಿಸ್‌ಗೆ ಸಾಲದು. ಬಿಸಿಲಿಗೆ ಮುಖ ಮಾಡಿದ ಇಳಿಜಾರು ಬೇಕು, ಹುಲ್ಲು ಕೆಲವೇ ಸೆಂಟಿಮೀಟರ್ ಎತ್ತರ ಇರಬೇಕು. ಆಗ ಮಾತ್ರ ನೆಲ ಬೆಚ್ಚಗಿರುತ್ತದೆ. ಮರಿಹುಳುವಿನ ಮೈಯಿಂದ ಜಿನುಗುವ ಸಿಹಿ ನೀರಿಗಾಗಿ ಇರುವೆಗಳು ಅದರ ಸುತ್ತ ಕಾವಲು ಇರುತ್ತವೆ. ಆ ಇರುವೆಗಳಿಗೂ ಬೆಚ್ಚನೆ ನೆಲವೇ ಇಷ್ಟ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಬಂದು ಮೊಲಗಳು ರಾಶಿ ರಾಶಿ ಸತ್ತವು. ಮೇಯುವವರಿಲ್ಲದೆ ಹುಲ್ಲು ಎತ್ತರಕ್ಕೆ ಬೆಳೆಯಿತು, ನೆಲ ತಣ್ಣಗಾಯಿತು. ಹಾರ್ಸ್‌ಶೂ ವೆಚ್ ಉಳಿದ ಕಡೆಯೂ ಅಡೋನಿಸ್ ಕಾಣೆಯಾಯಿತು. ಮುಂದೆ ಕುರಿ, ದನಗಳನ್ನು ಲೆಕ್ಕ ಹಾಕಿ ಮೇಯಿಸಲು ಶುರುಮಾಡಿದ ಮೇಲೆ, ಮೊಲಗಳೂ ಚೇತರಿಸಿಕೊಂಡ ಮೇಲೆ, ಎಷ್ಟೋ ಗುಡ್ಡಗಳಿಗೆ ಅದು ವಾಪಸ್ ಬಂದಿದೆ.

ಮೂರನೆಯದು ಕಿಡ್ನಿ ವೆಚ್. ಇದನ್ನು ಗುರುತಿಸುವುದು ಸುಲಭ. ಹೂಗೊಂಚಲಿನ ಬುಡಕ್ಕೆ ಬಿಳಿ ಉಣ್ಣೆ ಸುತ್ತಿದಂತೆ ಇರುತ್ತದೆ. ಬ್ರಿಟನ್ನಿನ ಅತಿ ಚಿಕ್ಕ ಚಿಟ್ಟೆ ಸ್ಮಾಲ್ ಬ್ಲೂ ಮೊಟ್ಟೆ ಇಡುವುದು ಆ ಉಣ್ಣೆಯ ನಡುವೆ. ಹೆಸರಿಗೆ ಬ್ಲೂ, ಬಣ್ಣ ಮಾತ್ರ ಹೊಗೆ ಹಿಡಿದ ಕಂದು. ಮರಿಹುಳು ಎಲೆ ಮುಟ್ಟುವುದಿಲ್ಲ, ಬಲಿಯುತ್ತಿರುವ ಬೀಜ ತಿನ್ನುತ್ತದೆ. ಹಾಗಾಗಿ ಹೂಬಿಟ್ಟ ಕಾಲದಲ್ಲಿ ಹುಲ್ಲು ಕತ್ತರಿಸಿದರೆ ಆ ವರ್ಷದ ಸಂತತಿ ಪೂರ್ತಿ ಹೋದ ಹಾಗೆ. ನಾಲ್ಕನೆಯದು ಮೆಡೋ ವೆಚ್ಲಿಂಗ್. ಒಂದೇ ಜೊತೆ ಉದ್ದ ಎಲೆ, ತುದಿಯಲ್ಲಿ ಪಕ್ಕದ ಹುಲ್ಲನ್ನು ಹಿಡಿದುಕೊಳ್ಳುವ ಸುರುಳಿ ಕುಡಿ. ಎತ್ತರದ ಹುಲ್ಲಿನಲ್ಲಿ ಹಬ್ಬಿರುತ್ತದೆ.

ಹಳದಿ ಹೂವಿನ ಇನ್ನೊಂದು ಗಿಡ ನಮ್ಮವರಿಗೆ ಬೇಗ ಆಪ್ತವಾಗುತ್ತದೆ. ನಮ್ಮ ಮನೆಗಳ ಮುಂದೆ ಬೆಳೆಯುವ ಕರ್ಣಕುಂಡಲದ ಬಂಧು, ಟಚ್-ಮಿ-ನಾಟ್ ಬಾಲ್ಸಮ್. ಲೇಕ್ ಡಿಸ್ಟ್ರಿಕ್ಟ್‌ನ ತೇವದ ಕಾಡುಗಳಲ್ಲಿ ಸಿಗುತ್ತದೆ. ನೆಟೆಡ್ ಕಾರ್ಪೆಟ್ ಎಂಬ ಅಪರೂಪದ ಪತಂಗದ ಮರಿಹುಳು ಇದನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕಾಡಿನ ದಾರಿಯಲ್ಲಿ ಸ್ಮಾಲ್ ಬಾಲ್ಸಮ್ ಕೂಡ ಹಳದಿಯೇ, ಆದರೆ ಅದು ಮಧ್ಯ ಏಷ್ಯಾದಿಂದ ಬಂದದ್ದು. ಅದರ ಹೂವು ಪುಟ್ಟದು, ಹಿಂದಿನ ಕೊಂಬು ಹೆಚ್ಚುಕಡಿಮೆ ನೇರ. ಸ್ಥಳೀಯ ಗಿಡದ ಹೂವು ದೊಡ್ಡದು, ಕೊಂಬು ಬಾಗಿರುತ್ತದೆ. ನದಿ ದಂಡೆ ಪೂರ್ತಿ ಆವರಿಸಿಕೊಳ್ಳುವ ಗುಲಾಬಿ ಬಣ್ಣದ್ದು ಹಿಮಾಲಯನ್ ಬಾಲ್ಸಮ್. 1839ರಲ್ಲಿ ಉದ್ಯಾನಕ್ಕೆಂದು ಭಾರತದ ಕಡೆಯಿಂದ ತಂದದ್ದು, ಈಗ ಅದನ್ನು ಕಿತ್ತುಹಾಕಲು ಸ್ವಯಂಸೇವಕರು ಬೇಸಿಗೆಯಿಡೀ ದುಡಿಯುತ್ತಾರೆ.

ಹಿತ್ತಲಲ್ಲಿ ಇವನ್ನು ಬೆಳೆಸಬಹುದಾ ಅಂತ ಕೇಳುವವರಿಗೆ: ಬರ್ಡ್ಸ್‌ಫುಟ್ ಟ್ರೆಫಾಯಿಲ್ ಖಂಡಿತ ಬರುತ್ತದೆ. ಕಿಡ್ನಿ ವೆಚ್ ಜಲ್ಲಿ ಬೆರೆಸಿದ ಬಡ ಮಣ್ಣಿನ ಕುಂಡದಲ್ಲೂ ಬರುತ್ತದೆ. ಹಾರ್ಸ್‌ಶೂ ವೆಚ್‌ಗೆ ಲಂಡನ್ನಿನ ಜೇಡಿಮಣ್ಣು ಆಗುವುದಿಲ್ಲ, ಪ್ರಯತ್ನ ಬೇಡ. ಗೊಬ್ಬರ ಮಾತ್ರ ಹಾಕಲೇಬೇಡಿ. ಗಿಡ ಅಂದ ಮೇಲೆ ಗೊಬ್ಬರ ಹಾಕುವುದು ನಮ್ಮ ಕೈಗೆ ಅಂಟಿದ ಅಭ್ಯಾಸ, ಅಲ್ವಾ? ಇಲ್ಲಿ ಅದು ನೇರವಾಗಿ ಹುಲ್ಲಿಗೆ ಬಲ ಕೊಡುತ್ತದೆ, ಹೂವಿನ ಗಿಡ ನೆರಳಲ್ಲಿ ಸಾಯುತ್ತದೆ. 1930ರ ದಶಕದಿಂದ ಈಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್ ಶೇ. 97ರಷ್ಟು ಹೂವಿನ ಹುಲ್ಲುಗಾವಲು ಕಳೆದುಕೊಂಡಿವೆ. ಉಳುಮೆಯ ಜೊತೆ ಗೊಬ್ಬರವೂ ಅದಕ್ಕೆ ದೊಡ್ಡ ಕಾರಣ.

ಬೀಜ ಕೊಳ್ಳುವಾಗ ‘ವೈಲ್ಡ್‌ಫ್ಲವರ್’ ಎಂಬ ಒಂದು ಪದ ನೋಡಿ ಕೊಳ್ಳಬೇಡಿ. ಆ ಪ್ಯಾಕೆಟ್‌ಗಳಲ್ಲಿ ಕ್ಯಾಲಿಫೋರ್ನಿಯಾದ ಪಾಪಿಯೂ ಇರುತ್ತದೆ. ಬರ್ಡ್ಸ್‌ಫುಟ್ ಟ್ರೆಫಾಯಿಲ್‌ನಲ್ಲೇ ಮೇವಿಗಾಗಿ ಬೆಳೆಸಿದ ತಳಿಯೊಂದಿದೆ. ಅದು ನೆಟ್ಟಗೆ ಎತ್ತರ ಬೆಳೆಯುತ್ತದೆ, ಕಾಂಡ ಹೆಚ್ಚಾಗಿ ಟೊಳ್ಳು. ಕಾಡಿನದು ನೆಲಕ್ಕೆ ಅಂಟಿಕೊಂಡು ಹರಡುತ್ತದೆ, ಕಾಂಡ ಗಟ್ಟಿ. ಬ್ರಿಟನ್ನಿನದೇ ಕಾಡುಮೂಲದ ಬೀಜ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತನ್ನಿ. ಗುಡ್ಡದಿಂದ ಕಿತ್ತು ತರುವ ಯೋಚನೆ ಬೇಡ. ಜಮೀನಿನ ಮಾಲೀಕರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನು ಬೇರುಸಹಿತ ಕಿತ್ತರೂ 1981ರ ವೈಲ್ಡ್‌ಲೈಫ್ ಆ್ಯಂಡ್ ಕಂಟ್ರಿಸೈಡ್ ಕಾಯ್ದೆ ಪ್ರಕಾರ ಅದು ಅಪರಾಧ.

ಮುಂದಿನ ಸಲ ಹೋದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಜೇಬಿನಲ್ಲಿರಲಿ. ಫೋಟೊ ತೆಗೆಯುವಾಗ ಹೂವು, ಎಲೆ, ಕಾಯಿ, ಇಡೀ ಗಿಡ ಎಲ್ಲವೂ ಬರಲಿ. ಮೇಲೆ ಯಾವ ಹುಳು ಕೂತಿತ್ತು, ಹುಲ್ಲು ಎಷ್ಟು ಎತ್ತರ ಇತ್ತು, ಅದನ್ನೂ ಬರೆದುಕೊಳ್ಳಿ. ದಿನಾಂಕ, ಜಾಗದ ಸಮೇತ ಐರೆಕಾರ್ಡ್‌ಗೆ (ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಬ್ರಿಟನ್ನಿನ ಜಾಲತಾಣ) ಹಾಕಿದರೆ ಅದನ್ನು ಪರಿಣತರು ಪರಿಶೀಲಿಸುತ್ತಾರೆ. ಗುಡ್ಡ ನೋಡಿಕೊಳ್ಳುವವರಿಗೆ ಇಂಥ ದಾಖಲೆ ತುಂಬಾ ಬೇಕು. ಕುರಿಗಳನ್ನು ಯಾವ ಇಳಿಜಾರಿಗೆ ಯಾವ ತಿಂಗಳು ಬಿಡಬೇಕು, ಯಾವಾಗ ಹೊರಗೆ ಹಾಕಬೇಕು ಅಂತ ತೀರ್ಮಾನಿಸುವಾಗ ಅವರು ಇವನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ.