ಗ್ಯಾಸ್ ಗೀಸರ್ ಹತ್ತದಿದ್ದರೆ ಮೊದಲು ನೀರು ನೋಡಿ

ಗ್ಯಾಸ್ ಗೀಸರ್ ರಿಪೇರಿ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕೋಲಾರ, ಬಂಗಾರಪೇಟೆ, ಮಾಲೂರು ಕಡೆಯ ಮನೆಗಳಲ್ಲಿರುವ, ನಲ್ಲಿ ತಿರುಗಿಸಿದ ಕೂಡಲೇ ತಾನೇ ಹತ್ತುವ, ಸೆಲ್ ಹಾಕುವ ಮಾದರಿಯ ಬಗ್ಗೆ ಮಾತ್ರ ಬರೆದಿದ್ದೇನೆ. ಸಿಲಿಂಡರ್, ರೆಗ್ಯುಲೇಟರ್ ಆನ್ ಇದೆಯಾ ಅಂತ ನೀವು ಹೇಗೂ ನೋಡುತ್ತೀರಿ.

ಒಳಗೆ ನಡೆಯುವ ಕ್ರಮ

ನೀರು ಹರಿದರೆ ಡಯಾಫ್ರಾಮ್, ಅಂದರೆ ತೆಳುವಾದ ರಬ್ಬರ್ ಪರದೆ, ಸರಿಯುತ್ತದೆ. ಅದು ಒಂದು ಪಿನ್ ತಳ್ಳುತ್ತದೆ. ಪಿನ್ ಗ್ಯಾಸ್ ವಾಲ್ವ್ ತೆರೆದು, ಮೈಕ್ರೋಸ್ವಿಚ್ ಅನ್ನುವ ಪುಟ್ಟ ಸ್ವಿಚ್‌ಗೂ ಸುದ್ದಿ ಕೊಡುತ್ತದೆ. ಆಗ ಕಿಡಿ ಬರುತ್ತದೆ, ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಗ್ಯಾಸ್ ವಾಲ್ವ್) ತೆರೆಯುತ್ತದೆ, ಬರ್ನರ್ ಹತ್ತುತ್ತದೆ. ಬೆಂಕಿ ಇದೆ ಅಂತ ಸೆನ್ಸರ್ ಕಡ್ಡಿಗೆ ಗೊತ್ತಾಗದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ನಿಲ್ಲುತ್ತದೆ.

ಹಾಗಾಗಿ ಮೊದಲು ಕಿವಿಗೊಡಿ. ಕಿಡಿಯ "ಟಪ್ ಟಪ್" ಸದ್ದೇ ಇಲ್ಲವಾ? ಹಾಗಿದ್ದರೆ ಗ್ಯಾಸ್ ಕಡೆ ಹೋಗಬೇಡಿ. ತೊಂದರೆ ನೀರಿನಲ್ಲಿದೆ, ಇಲ್ಲವೇ ಸೆಲ್ಲಿನಲ್ಲಿ, ಮೈಕ್ರೋಸ್ವಿಚ್‌ನಲ್ಲಿ.

ಒತ್ತಡ ಬೇರೆ, ಹರಿವು ಬೇರೆ

ನನಗೆ ತುಂಬಾ ಗೊಂದಲ ಮಾಡಿದ್ದು ಇದೇ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನಲ್ಲಿ ಮುಚ್ಚಿದ್ದಾಗಲೂ ಗೀಸರ್ ಒಳಗಿನ ನೀರಿಗೆ ಒತ್ತಡ ಇದ್ದೇ ಇರುತ್ತದೆ. ಮತ್ತೆ ಆಗ ಡಯಾಫ್ರಾಮ್ ಯಾಕೆ ಸರಿಯುವುದಿಲ್ಲ?

ಯಾಕೆಂದರೆ ಅದರ ಎರಡೂ ಬದಿಗೆ ನೀರಿದೆ. ಒಂದು ಬದಿಗೆ ಒಳಬರುವ ನೀರು. ಇನ್ನೊಂದು ಬದಿ ಸಣ್ಣ ತೂತಿನ ಮೂಲಕ ಪೈಪಿನ ಕಿರಿದಾದ ಜಾಗಕ್ಕೆ ಸೇರಿದೆ. ನೀರು ನಿಂತಿದ್ದರೆ ಎರಡೂ ಬದಿ ಒತ್ತಡ ಒಂದೇ, ಸ್ಪ್ರಿಂಗ್ ಗೆಲ್ಲುತ್ತದೆ. ನೀರು ಹರಿದಾಗ ಆ ಕಿರಿದಾದ ಜಾಗದಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಎರಡು ಬದಿಯ ವ್ಯತ್ಯಾಸವೇ ಡಯಾಫ್ರಾಮನ್ನು ತಳ್ಳುವುದು. ರಬ್ಬರ್ ಹರಿದಿದ್ದರೆ, ಅಥವಾ ಆ ತೂತು ಕಟ್ಟಿದ್ದರೆ, ನೀರು ಎಷ್ಟೇ ಜೋರಾಗಿ ಬಂದರೂ ಪಿನ್ ಅಲ್ಲಾಡುವುದಿಲ್ಲ.

ಈಗ ಮನೆಯ ಲೆಕ್ಕಕ್ಕೆ ಬನ್ನಿ. 1 ಮೀಟರ್ ಎತ್ತರದ ನೀರು ಸುಮಾರು 0.1 ಬಾರ್ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆ, ತಾರಸಿ 10 ಅಡಿ, ಟ್ಯಾಂಕ್‌ನಲ್ಲಿ 3 ಅಡಿ ನೀರು ಅಂದುಕೊಳ್ಳಿ. 7 ಅಡಿ ಎತ್ತರದ ಶವರ್‌ಗೆ ಸಿಗುವುದು 6 ಅಡಿ, ಅಂದರೆ 0.2 ಬಾರ್‌ಗಿಂತ ಸ್ವಲ್ಪ ಕಡಿಮೆ. 2 ಅಡಿ ಎತ್ತರದ ಬಕೆಟ್ ನಲ್ಲಿಗೆ 11 ಅಡಿ, ಸುಮಾರು 0.33 ಬಾರ್. ಗೀಸರ್ ಇರುವ ಎತ್ತರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ! ನೀರು ಹೊರಬೀಳುವ ಜಾಗದ ಎತ್ತರ ಮುಖ್ಯ. ಗೀಸರನ್ನು ಕೆಳಗಿಳಿಸಿದರೆ ಸರಿಹೋಗುತ್ತದೆ ಅಂತ ಗೋಡೆ ಕೊರೆದು ಪ್ರಯೋಜನವಿಲ್ಲ.

"ಬೆಳಗ್ಗೆ ಹತ್ತುತ್ತೆ ಅಣ್ಣ, ಸಂಜೆ ಹತ್ತಲ್ಲ" ಅನ್ನುವ ದೂರಿಗೂ ಉತ್ತರ ಇಲ್ಲೇ ಸಿಗಬಹುದು. ಸಂಜೆಗೆ ಟ್ಯಾಂಕ್ ಅರ್ಧ ಖಾಲಿಯಾಗಿರುತ್ತದೆ, ಅಲ್ವಾ?

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ತಣ್ಣೀರಿನ ನಲ್ಲಿ ಪೂರ್ತಿ ಮುಚ್ಚಿ, ಕೆಳಗಿನ ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಅಲ್ಲಿ ಹತ್ತಿ ಶವರ್‌ನಲ್ಲಿ ಹತ್ತದಿದ್ದರೆ ಗೀಸರ್ ಬಿಚ್ಚುವುದೇ ಬೇಡ. ಶವರ್ ತಲೆಯಲ್ಲಿ ಉಪ್ಪು ಕಟ್ಟಿರುತ್ತದೆ, ಇಲ್ಲವೇ ಟ್ಯಾಂಕ್ ಎತ್ತರ ಸಾಲದು. ಒಂದು ಲೀಟರ್ ಜಗ್ ಹಿಡಿದು ಸಮಯ ನೋಡಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 2 ಲೀಟರ್. ಗೀಸರ್ ಪುಸ್ತಕದಲ್ಲಿ ಹೇಳಿರುವ ಕನಿಷ್ಠ ಹರಿವಿಗೆ ಅದನ್ನು ಹೋಲಿಸಿ.

ನಮ್ಮ ಬೋರ್ ನೀರು ಗಡಸು. ನೀರು ಒಳಬರುವ ಕಡೆಯ ಜಾಲರಿಯನ್ನು ತಪ್ಪದೆ ಬಿಚ್ಚಿ ನೋಡಿ. ಬಿಳಿ ಪದರ ಕಟ್ಟಿದ್ದರೆ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ.

ಹರಿವು ಸರಿಯಿದ್ದು, ಪಿನ್ ಸರಿಯುತ್ತಿದ್ದು, ಆದರೂ ಕಿಡಿ ಇಲ್ಲದಿದ್ದರೆ ಆಮೇಲೆ ಸೆಲ್. 1.5 ವೋಲ್ಟ್‌ನ ಎರಡು ಸೆಲ್ ಸೇರಿ 3 ವೋಲ್ಟ್. ಎರಡನ್ನೂ ಒಟ್ಟಿಗೇ ಬದಲಿಸಿ, ಹಸಿರು ಹಿಡಿದ ತುದಿಗಳನ್ನು ಉಜ್ಜಿ. ಇನ್ನೂ ಇಲ್ಲದಿದ್ದರೆ ಮೈಕ್ರೋಸ್ವಿಚ್.

ಕಿಡಿ ಇದೆ, ಬೆಂಕಿ ಇಲ್ಲ

ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ಇರುತ್ತದೆ. ಸ್ವಲ್ಪ ಬಿಟ್ಟು ಬಿಟ್ಟು ಪ್ರಯತ್ನಿಸಿ. "ಒಲೆ ಹತ್ತುತ್ತೆ, ಗ್ಯಾಸ್ ಇದೆ" ಅನ್ನುವ ಮಾತು ಪುರಾವೆಯಲ್ಲ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 10 ಕಿಲೋವ್ಯಾಟ್‌ಗೂ ಜಾಸ್ತಿ ಬೇಕು, ಒಲೆಯ ಒಂದು ಬರ್ನರ್‌ಗಿಂತ ಎಷ್ಟೋ ಪಟ್ಟು. ಮುಗಿಯುತ್ತಾ ಬಂದ ಸಿಲಿಂಡರ್ ಚಳಿಗಾಲದ ಬೆಳಗ್ಗೆ ಅಷ್ಟು ಗ್ಯಾಸ್ ಬೇಗ ಕೊಡಲಾರದು.

ಹತ್ತಿ ತಕ್ಷಣ ಆರಿದರೆ ಸೆನ್ಸರ್ ಕಡ್ಡಿಯ ಮಸಿಯನ್ನು ನಯವಾದ ಎಮರಿ ಕಾಗದದಿಂದ ತೆಗೆಯಿರಿ.

ಕೈ ಹಾಕುವ ಮೊದಲು

ಗ್ಯಾಸ್ ವಾಸನೆ ಇದ್ದರೆ ಪರೀಕ್ಷೆ ನಿಲ್ಲಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಲೈಟ್ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು ಎಲ್‌ಪಿಜಿ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಸೋರಿಕೆ ಹುಡುಕುವುದು ಸೋಪಿನ ನೀರಿನಿಂದ ಮಾತ್ರ.

ಬಚ್ಚಲುಮನೆ ಒಳಗೇ ಗೀಸರ್ ಕಂಡರೆ, ಹತ್ತಿಸಿ ಕೊಡುವ ಮುಂಚೆ ಮನೆಯವರ ಹತ್ತಿರ ಮಾತಾಡಿ. ಮುಚ್ಚಿದ ಜಾಗದಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನ ಮಾಡುತ್ತಿರುವವರಿಗೆ ಗೊತ್ತೇ ಆಗದೆ ಪ್ರಜ್ಞೆ ತಪ್ಪುತ್ತದೆ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತರಲು ಹೇಳಿ.