ಕಲ್ಲು ಬೀಳುವುದು, ಕೈ ಏಳುವುದು

ತತ್ವಶಾಸ್ತ್ರದ ಇತಿಹಾಸ ಓದುವುದು, ಓದಿಸುವುದು ನನ್ನ ಕೆಲಸ. ಮಧ್ಯಯುಗದ ಯೋಚನೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತು ಅಂತ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಅವರಿಗೆ ನಾನು 1643ರ ಕೆಲವು ಕಾಗದಗಳನ್ನು ಓದಲು ಕೊಡುತ್ತೇನೆ.

ಆ ಮೇ ತಿಂಗಳಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ರಾಜಕುಮಾರಿ ಎಲಿಸಬೆತ್ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್‌ಗೆ ಬರೆದಳು. ಆಕೆಗೆ 24 ವರ್ಷ. ಮನೆಯವರು ರಾಜ್ಯ ಕಳೆದುಕೊಂಡು ಹೇಗ್ ನಗರದಲ್ಲಿ ಆಶ್ರಯ ಪಡೆದಿದ್ದರು. ದೆಕಾರ್ತ್ ಪ್ರಕಾರ ಮನಸ್ಸು ಬೇರೆ, ದೇಹ ಬೇರೆ. ದೇಹ ಜಾಗ ಹಿಡಿಯುತ್ತದೆ, ಮನಸ್ಸು ಹಿಡಿಯುವುದಿಲ್ಲ. ಹಾಗಾದರೆ ಮನಸ್ಸು ದೇಹವನ್ನು ಅಲುಗಾಡಿಸುವುದು ಹೇಗೆ ಅಂತ ಆಕೆಯ ಪ್ರಶ್ನೆ. ತಳ್ಳಬೇಕಾದರೆ ತಾಗಬೇಕು. ಜಾಗವನ್ನೇ ಹಿಡಿಯದ್ದು ತಾಗುವುದು ಹೇಗೆ, ಅಲ್ವಾ?

ದೆಕಾರ್ತ್ ಕೊಟ್ಟ ಉತ್ತರದಲ್ಲಿ ಒಂದು ವಿಚಿತ್ರವಿದೆ. ಕಲ್ಲು ಕೆಳಗೆ ಬೀಳುವುದು ಅದರೊಳಗಿನ 'ಭಾರ' ಎಂಬ ಗುಣದಿಂದ ಅಂತ ಮಧ್ಯಯುಗದ ಪಾಠಶಾಲೆಗಳಲ್ಲಿ ಹೇಳಿಕೊಡುತ್ತಿದ್ದರು. ಆ ಗುಣ ಕಲ್ಲನ್ನು ಹಿಂದಿನಿಂದ ತಾಗಿ ತಳ್ಳುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮನಸ್ಸು ದೇಹವನ್ನು ನಡೆಸುವುದನ್ನೂ ಹಾಗೇ ತಿಳಿಯಿರಿ ಅಂತಾನೆ ಆತ. ಆದರೆ ಅಂಥ ಗುಣವೇ ಇಲ್ಲ ಅಂತ ವಾದಿಸುತ್ತಿದ್ದವನೂ ಆತನೇ! ಕಲ್ಲಿನ ವಿಷಯದಲ್ಲಿ ತಪ್ಪಾದ ಕಲ್ಪನೆ ಮನಸ್ಸಿನ ವಿಷಯದಲ್ಲಿ ಸರಿ ಅನ್ನುವುದು ಆತನ ಲೆಕ್ಕ. ಹೊಸ ತತ್ವಶಾಸ್ತ್ರದ ಪಿತಾಮಹ ಅನಿಸಿಕೊಂಡವನು ಕಷ್ಟ ಬಂದಾಗ ಕೈ ಚಾಚಿದ್ದು ಹಳೆಯ ಪೆಟ್ಟಿಗೆಗೇ.

ಜೂನ್‌ನ ಕಾಗದದಲ್ಲಿ ಎಲಿಸಬೆತ್ ಸರಿಯಾಗಿ ಅದನ್ನೇ ಹಿಡಿದಳು. ಸುಳ್ಳು ಅಂತ ನಿಮ್ಮ ಭೌತಶಾಸ್ತ್ರವೇ ತೋರಿಸಲಿರುವ ಕಲ್ಪನೆಯನ್ನು ನಾನೇಕೆ ನಂಬಲಿ ಅಂದಳು. ಜಾಗ ಹಿಡಿಯದ ವಸ್ತು ದೇಹವನ್ನು ನಡೆಸುತ್ತದೆ ಅಂತ ಒಪ್ಪುವುದಕ್ಕಿಂತ, ಮನಸ್ಸೇ ಜಾಗ ಹಿಡಿಯುತ್ತದೆ ಅಂತ ಒಪ್ಪುವುದು ನನಗೆ ಸುಲಭ ಎಂದೂ ಬರೆದಳು. ಮನೆತನದ ವ್ಯವಹಾರ, ತಪ್ಪಿಸಿಕೊಳ್ಳಲಾಗದ ಮಾತುಕತೆಗಳ ನಡುವೆ ಯೋಚಿಸಲು ಪುರುಸೊತ್ತಿಲ್ಲ ಅಂತ ಹೇಳಿಕೊಂಡದ್ದೂ ಇದೇ ಕಾಗದದಲ್ಲಿ. ಈ ಸಾಲುಗಳಿಗೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಷ್ಟು ಗಡಿಬಿಡಿಯಲ್ಲೂ ಎಂಥ ಚೊಕ್ಕ ತರ್ಕ!

ದೆಕಾರ್ತ್‌ನ ಕಾಗದಗಳು 1657ರಿಂದಲೇ ಅಚ್ಚಾದವು. ತನ್ನವು ಅಚ್ಚಾಗುವುದು ಎಲಿಸಬೆತ್‌ಗೆ ಬೇಕಿರಲಿಲ್ಲ. ನೆದರ್‌ಲ್ಯಾಂಡ್ಸಿನ ಆರ್ನೆಮ್ ಪಕ್ಕದ ರೋಸೆಂದಾಲ್ ಕೋಟೆಮನೆಯಲ್ಲಿ ಸಿಕ್ಕ ಅವುಗಳ ಪ್ರತಿಗಳು ಬೆಳಕಿಗೆ ಬಂದದ್ದು 1879ರಲ್ಲಿ. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಓದುಗರ ಕೈಯಲ್ಲಿ ಇದ್ದದ್ದು ಬರೀ ಉತ್ತರ. ಅದಕ್ಕೇ ಆಕೆಯನ್ನು ಸುಮ್ನೆ ಬುದ್ಧಿವಂತ ಶಿಷ್ಯೆ ಅಂತ ಪಕ್ಕಕ್ಕಿಡುವುದು ಸುಲಭವಾಯಿತು. ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಗಟ್ಟಿ ನಿಂತದ್ದು ಆಕೆಯ ಪ್ರಶ್ನೆಯೇ.

ಆ ಜೂನ್ ಕಾಗದಕ್ಕೆ ದೆಕಾರ್ತ್ ಮತ್ತೆ ಉತ್ತರ ಬರೆದ. ಮನಸ್ಸು-ದೇಹದ ನಂಟನ್ನು ತರ್ಕದಿಂದ ಬಿಡಿಸಲು ಹೋಗಬೇಡಿ, ದಿನನಿತ್ಯದ ಬದುಕು, ಮಾತುಕತೆಯಲ್ಲೇ ಇದು ಗೊತ್ತಾಗುತ್ತದೆ ಅಂದ. ಜುಲೈ 1ರಂದು ಎಲಿಸಬೆತ್ ಉತ್ತರಿಸಿದಳು: ಮನಸ್ಸು ದೇಹವನ್ನು ನಡೆಸುತ್ತದೆ ಅನ್ನುವುದು ಇಂದ್ರಿಯಗಳಿಂದ ನನಗೂ ಗೊತ್ತು, ಆದರೆ ಹೇಗೆ ಅನ್ನುವುದನ್ನು ಅವು ಕಲಿಸುವುದಿಲ್ಲ.